ಎರಡು ಸಾಲಿನ ಊಟ

“ಎರಡರಲ್ಲಿ ಒಂದು ಹೇಳಿ ಡಾಕ್ಟರ್ ಸಾಬ್. ಎರಡನ್ನೂ ಒಟ್ಟಿಗೆ ಹೇಳೋಕೆ ನಾನು ಬಿಡಲ್ಲ.”

ಸ್ವರಾಜ್ಯಂ ಕುರ್ಚಿಗೆ ಇನ್ನಷ್ಟು ಒರಗಿದಳು. ಕುರ್ಚಿ ಕಿರ್ರೆಂದಿತು. ಹನ್ಮಕೊಂಡದ ಆಹಾರ ಸಂಶೋಧನಾ ಕೇಂದ್ರದವರು ಕುರ್ಚಿ ಮಾಡಿಸುವಾಗ ಸಣಕಲು ಜನರನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದಿರಬೇಕು. ಪೊಲೀಸ್ ಸರ್ವೀಸು ಮುಗಿಸಿ, ಚೌರಸ್ತಾದ ಟಿಫಿನ್ ಸೆಂಟರಿನ ಮಹಡಿಯ ಮೇಲೆ ಖಾಸಗಿ ಪತ್ತೇದಾರಿಕೆಯ ಬೋರ್ಡು ತೂಗಿಹಾಕಿದ ವೇಮುಲ ಸ್ವರಾಜ್ಯಂ ಅವರ ಅಂದಾಜಿನಲ್ಲಿರಲಿಲ್ಲ.

ಮೇಜಿನ ಆಚೆ ನಿರ್ದೇಶಕ ಡಾ. ಚಕ್ರಪಾಣಿ ಕನ್ನಡಕ ತೆಗೆದು ಒರೆಸಿದರು. “ಏನು ಎರಡು? ನನಗೆ ಅರ್ಥವಾಗಲಿಲ್ಲ.”

“ಆಗುತ್ತೆ, ಕೇಳಿ. ನಿಮ್ಮ ವಾರ್ಡಲ್ಲಿ ಎರಡು ಸಾಲು ಹೆಂಗಸರು. ಕಿಟಕಿ ಸಾಲಿಗೆ ಊಟದ ಜೊತೆ ಆ ಕಂಪನಿಯವರ ಪೌಷ್ಟಿಕ ಪುಡಿ, ಗೋಡೆ ಸಾಲಿಗೆ ಬರೀ ಊಟ. ಎರಡೂ ಸಾಲಿಗೆ ಸಿಕ್ಕ ಒಟ್ಟು ಕ್ಯಾಲರಿ ಸಮ. ಹಾಗಿದ್ದೂ ಪುಡಿ ಕುಡಿದವರು ಮೈ ತುಂಬಿಕೊಂಡರು, ಕುಡಿಯದವರು ಸೊರಗಿದರು. ಆದ್ದರಿಂದ ಪುಡಿ ಅಮೃತ. ಇದು ನೀವು ಬರೆದ ವರದಿ.”

“ಸತ್ಯವನ್ನೇ ಬರೆದಿದ್ದೇನೆ.”

“ಇನ್ನೊಂದು, ನೀವೇ ಕೊಟ್ಟ ಪೊಲೀಸ್ ಕಂಪ್ಲೇಂಟು. ಉಗ್ರಾಣದ ಬೀಗದ ಕೈ ಇಟ್ಟುಕೊಂಡಿದ್ದ ನಾಗಲತ ಗೋಡೆ ಸಾಲಿನ ರೇಷನ್ನು ಕದ್ದು ಮಾರಿದಳು, ಹೊಟ್ಟೆಗಿಲ್ಲದೆ ಸಮ್ಮಕ್ಕ ತಲೆ ಸುತ್ತಿ ಬಿದ್ದಳು. ಕದ್ದದ್ದು ನಿಜ ಆದ್ರೆ ಊಟ ಸಮ ಇರಲಿಲ್ಲ, ನಿಮ್ಮ ಪುಡಿ ಗೆದ್ದಿದ್ದು ಸುಳ್ಳು. ಊಟ ಸಮ ಇದ್ದಿದ್ದು ನಿಜ ಆದ್ರೆ ಯಾರೂ ಏನೂ ಕದ್ದಿಲ್ಲ. ಯಾವುದು ಬೇಕು, ಆರಿಸ್ಕೊಳ್ಳಿ.”

ಬಾಗಿಲ ಬಳಿ ನಿಂತಿದ್ದ ಸರ್ಕಲ್ ಇನ್‌ಸ್ಪೆಕ್ಟರ್ ಸುದರ್ಶನ್ ಕೆಮ್ಮಿದ. ಅದು ಕೆಮ್ಮಲ್ಲ, ನಗು. ಒಂದು ಕಾಲಕ್ಕೆ ಸ್ವರಾಜ್ಯಂಳ ಕೈಕೆಳಗೆ ಸಲಾಮು ಹೊಡೆದು ಕೆಲಸ ಕಲಿತವನು ಅವನು. ಆದರೆ ಇವತ್ತು ಅವನ ಸೊಂಟದಲ್ಲಿ ಕೈಕೋಳವಿತ್ತು, ಜೇಬಿನಲ್ಲಿ ನಾಗಲತಳ ಹೆಸರಿನ ವಾರಂಟು.

ಮೊನ್ನೆ ಸ್ವರಾಜ್ಯಂಳ ಮಹಡಿ ಹತ್ತಿ ಬಂದು ಈ ಕೇಸು ಒಪ್ಪಿಸಿದ್ದ ನಾಗಲತ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಈ ಕೇಂದ್ರದ ಊಟದ ಲೆಕ್ಕವೆಲ್ಲ ಅವಳದು. ಯಾರ ತಟ್ಟೆಗೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಎಣ್ಣೆ ಎಂದು ತೂಗಿ ಕೊಡುವವಳು. ಅವಳ ಮುಂದೆ ಮೇಜಿನ ತುದಿಯಲ್ಲಿ ಒಂದು ಕಾಗದವಿತ್ತು. ಕದ್ದದ್ದು ನಾನೇ ಎಂದು ಅದಕ್ಕೆ ಸಹಿ ಹಾಕಿದರೆ ಕೆಲಸ ಹೋಗುತ್ತದೆ, ಜೈಲು ತಪ್ಪುತ್ತದೆ. ಹಾಕದಿದ್ದರೆ, ಅಂಗನವಾಡಿಗಳಲ್ಲಿ ಮೊಟ್ಟೆಯ ಬದಲು ಈ ಪುಡಿ ಕೊಡಲು ಒಪ್ಪಿಗೆ ನೀಡುವ ಹೈದರಾಬಾದಿನ ಕಮಿಟಿ ಮಧ್ಯಾಹ್ನ ಬರುವ ಮೊದಲೇ ಜೀಪು ಹತ್ತಬೇಕು.

ಬೆಳಗ್ಗೆಯಿಂದ ಆ ಹುಡುಗಿ ಹೇಳಿದ್ದು ಒಂದೇ ಮಾತು: “ಸಹಿ ಹಾಕಲ್ಲ ಸಾರ್.” ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಸ್ವರಾಜ್ಯಂಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಅದಕ್ಕೇ.

ಚಕ್ರಪಾಣಿ ಕನ್ನಡಕ ಏರಿಸಿಕೊಂಡು ತಮ್ಮ ಪಾಠದ ದನಿಗೆ ಬಂದರು. “ಮೇಡಂ, ನೀವು ಕಳ್ಳರನ್ನ ಹಿಡಿದೋರು. ಇದು ಬೇರೆ ವಿದ್ಯೆ. ಯಾರೇ ಆಗಲಿ ದಿನಾ ಎರಡು ತುತ್ತು ಹೆಚ್ಚು ತಿಂದರೆ ಮೈ ಬರುತ್ತೆ. ಅದು ಪುಡಿಯ ಗುಣ ಅಲ್ಲ, ಆ ಎರಡು ತುತ್ತಿನ ಗುಣ. ಅದಕ್ಕೇ ಒಟ್ಟು ಕ್ಯಾಲರಿ ಸಮ ಮಾಡದೆ ಯಾವ ಆಹಾರದ ಗುಣವನ್ನೂ ಹೇಳಬಾರದು. ನಾವು ಮಾಡಿದೀವಿ. ಪುಡಿಯಲ್ಲಿ ಎಷ್ಟು ಕ್ಯಾಲರಿಯೋ ಕಿಟಕಿ ಸಾಲಿಗೆ ಅಷ್ಟಕ್ಕೆ ತಕ್ಕ ಅಕ್ಕಿ ಕಡಿಮೆ ಕೊಟ್ಟಿದೀವಿ. ವಾರ್ಡಿಗೆ ಬೀಗ. ಹೊರಗಿನ ಒಂದು ಬಿಸ್ಕತ್ತೂ ಒಳಗೆ ಹೋಗಲ್ಲ.”

“ನನ್ನ ಸೊಸೆನೂ ಹಿಂಗೇ ಹೇಳ್ತಾಳೆ,” ಎಂದಳು ಸ್ವರಾಜ್ಯಂ. “ಸಕ್ಕರೆ ಕಾಯಿಲೆ ನನಗೆ. ರಾಗಿ ಒಳ್ಳೇದು ಅಂತ ಯಾರೋ ಅಂದ್ರು, ಅನ್ನದ ಮೇಲೆ ಎರಡು ರಾಗಿ ರೊಟ್ಟಿನೂ ತಿಂದೆ. ‘ಅತ್ತೆ, ರಾಗಿ ಒಳ್ಳೇದೇ, ಆದರೆ ಒಟ್ಟು ಎಷ್ಟು ತಿಂದ್ರಿ ಅದನ್ನ ಮೊದಲು ಹೇಳಿ’ ಅಂದ್ಲು. ನಿಮ್ಮ ವಿದ್ಯೆ ನಮ್ಮ ಮನೇಲೂ ಇದೆ, ಡಾಕ್ಟರ್ ಸಾಬ್. ನನ್ನ ಪ್ರಶ್ನೆಗೆ ಉತ್ತರ ಕೊಡಿ.”

“ಕದ್ದಿದ್ದು ಇಡೀ ಸಾಲಿನದಲ್ಲ,” ಎಂದರು ಚಕ್ರಪಾಣಿ, ಬಹಳ ಸಾವಧಾನವಾಗಿ. “ಸಮ್ಮಕ್ಕ ಒಬ್ಬಳ ಪಾಲು. ಆ ಒಬ್ಬಳನ್ನ ಬಿಟ್ಟು ಲೆಕ್ಕ ಹಾಕಿದರೂ ಪುಡಿಯೇ ಗೆಲ್ಲುತ್ತೆ. ಆಯ್ತಾ?”

ನುಣುಚಿಕೊಂಡ ಮನುಷ್ಯ. ಸ್ವರಾಜ್ಯಂ ಕೈಚೀಲ ಎತ್ತಿಕೊಂಡು ಎದ್ದಳು.

“ಆಯ್ತು ಅಂತ ಇನ್ನೂ ಹೇಳಿಲ್ಲ. ಸುದರ್ಶನ, ಊಟ ಮುಗಿಯೋತನಕ ಆ ಕೈಕೋಳ ನಿನ್ನ ಸೊಂಟದಲ್ಲೇ ಇರಲಿ. ನಾನು ವಾರ್ಡು ನೋಡಿ ಬರ್ತೀನಿ.”

“ಮೇಡಂ, ಎಸ್ಪಿ ಸಾಹೇಬರು ನನ್ನ...”

“ಎಸ್ಪಿ ಸಾಹೇಬರಿಗೆ ನಾನೇ ಹೇಳ್ತೀನಿ. ಅವರ ಹೆಂಡತಿ ಕಿವಿಯೋಲೆ ಕಳೆದಾಗ ಹುಡುಕಿಕೊಟ್ಟಿದ್ದು ನಾನೇ.”

*

ವಾರ್ಡಿನಲ್ಲಿ ಹೆಂಗಸರು ಊಟಕ್ಕೆ ಕಾಯುತ್ತಿದ್ದರು. ಎಲ್ಲರೂ ಕೊತ್ತವಾಡದ ಸುತ್ತಮುತ್ತಲ ಮಗ್ಗದ ಮನೆಗಳವರು. ಬಿಸಿಲು ಜೋರಿತ್ತು, ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು.

ಸ್ವರಾಜ್ಯಂ ಎರಡು ಸಾಲಿನ ನಡುವೆ ನಿಧಾನವಾಗಿ ನಡೆದಳು. ಮುಖ ನೋಡಲಿಲ್ಲ. ಕೈ ನೋಡಿದಳು.

ಕಿಟಕಿ ಸಾಲಿನವರ ಕೈಗೆ ಗಾಜಿನ ಬಳೆ ಬಿಗಿಯಾಗಿ ಕೂತಿದ್ದವು. ಗೋಡೆ ಸಾಲಿನ ಹೆಂಗಸರು ನೀರಿನ ಚೊಂಬೆತ್ತಿದರೆ ಬಳೆ ಮೊಣಕೈತನಕ ಜಾರುತ್ತಿದ್ದವು. ಒಬ್ಬಳಂತೂ ಬಳೆ ಉದುರಬಾರದೆಂದು ಮಣಿಕಟ್ಟಿಗೆ ನೂಲು ಸುತ್ತಿಕೊಂಡಿದ್ದಳು.

“ನಿನ್ನ ಹೆಸರೇನವ್ವಾ?”

“ಕೊಮುರವ್ವ.”

“ಬಳೆ ಹಾಕಿಸ್ಕೊಂಡಿದ್ದು ಯಾವಾಗ?”

“ಇಲ್ಲಿಗೆ ಬರೋ ಮುಂದರೀ. ಬಳೆಗಾರ್ತಿ ಕೈ ಹಿಂಡಿ ಹಿಂಡಿ ಏರಿಸಿದ್ಲು, ರಕ್ತ ಬಂದಿತ್ತು. ಈಗ ನೋಡ್ರಿ.” ಕೊಮುರವ್ವ ಕೈ ಅಲುಗಿಸಿ ನಕ್ಕಳು. ನಗು ಕಣ್ಣಿಗೆ ಮುಟ್ಟಲಿಲ್ಲ. “ನಮ್ಮ ಸಾಲಿನೋರದು ಎಲ್ಲಾರದೂ ಹಿಂಗೇ. ಊಟ ಹೊಟ್ಟೆ ತುಂಬ ಹಾಕ್ತಾರ, ಸುಳ್ಳು ಹೇಳಬಾರದು. ಆದ್ರೂ ಮೈಗೆ ಹತ್ತವಲ್ದು. ಅವರಿಗೆ ಪುಡಿ ಹತ್ತೇದ.”

ಸಮ್ಮಕ್ಕ ಒಬ್ಬಳದಲ್ಲ, ಇಡೀ ಸಾಲಿನ ಬಳೆ ಸಡಿಲ. ಡಾಕ್ಟರರು ನುಣುಚಿಕೊಂಡಿದ್ದ ಬಾಗಿಲು ಮುಚ್ಚಿತು. ಆದರೆ ತಟ್ಟೆ ತುಂಬ ತಿಂದವರು ಯಾಕೆ ಸೊರಗಿದರು ಎಂಬುದು ಮಾತ್ರ ಇನ್ನೂ ಹಾಗೇ ಇತ್ತು.

ಗೋಡೆ ಸಾಲಿನ ಕೊನೆಯ ಮಂಚ ಖಾಲಿ. ಸಮ್ಮಕ್ಕನದು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಟ್ಟೆಯ ಮೆಟ್ಟಿಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ, ದೊಡ್ಡಾಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ನಿನ್ನೆ ಸ್ವರಾಜ್ಯಂ ಅಲ್ಲಿಗೆ ಹೋಗಿದ್ದಳು. ಹಾಸಿಗೆಯ ಪಕ್ಕ ಒಬ್ಬ ಬಂಧುವೂ ಇರಲಿಲ್ಲ. ಗಂಡನಿಲ್ಲ, ಇರುವವಳು ಒಬ್ಬಳೇ ಮಗಳು ಸ್ರವಂತಿ. ‘ಮಗಳಿಗೆ ವಿಷಯ ಗೊತ್ತಿದೆ, ಫೋನಲ್ಲಿ ಮಾತಾಡಿದಾಳೆ’ ಎಂದು ಚಕ್ರಪಾಣಿ ಹೇಳಿದ್ದರು. ಗೊತ್ತಿದ್ದ ಮಗಳು ಯಾಕೆ ಬರಲಿಲ್ಲ?

ಸ್ವರಾಜ್ಯಂ ಮಂಚದ ಪಕ್ಕದ ಗೂಡನ್ನು ತೆರೆದಳು. ಎರಡು ಸೀರೆ, ಬಾಚಣಿಗೆ, ಅರಿಶಿನದ ಡಬ್ಬಿ. ಡಬ್ಬಿಯ ತಳದಲ್ಲಿ ಏನೋ ಸದ್ದು ಮಾಡಿತು. ಅರಿಶಿನ ಜರುಗಿಸಿ ನೋಡಿದರೆ ಬೆಳ್ಳಿಯ ಕಾಲ್ಗೆಜ್ಜೆ. ಒಂದೇ ಒಂದು. ಅದನ್ನು ಸುತ್ತಿದ್ದು ಪುಡಿ ಕಂಪನಿಯ ಹೊಳೆಯುವ ಪೊಟ್ಟಣದ ತುಂಡು.

“ಇದು ಸಮ್ಮಕ್ಕನದಾ?”

ಹಿಂದೆಯೇ ಬಂದಿದ್ದ ನಾಗಲತ ತಲೆಯಾಡಿಸಿದಳು. “ಇರೋಕೆ ಸಾಧ್ಯ ಇಲ್ಲ ಸ್ವರಾಜ್ಯಕ್ಕ. ವಾರ್ಡಿಗೆ ಬರುವಾಗ ತೂಕ ನೋಡೋಕೆ ಮುಂಚೆ ತಾಳಿ, ಗಾಜಿನ ಬಳೆ ಬಿಟ್ಟು ಎಲ್ಲಾ ಬಿಚ್ಚಿಸ್ತೀವಿ. ನಾನೇ ಬಿಚ್ಚಿಸಿದ್ದು. ಗೆಜ್ಜೆ ಇರಲಿಲ್ಲ.”

“ಹಾಗಾದ್ರೆ ಆಮೇಲೆ ಬಂದಿದೆ.” ಸ್ವರಾಜ್ಯಂ ಅದನ್ನು ತನ್ನ ಅಂಗೈ ಮೇಲಿಟ್ಟು ಅಳೆದಳು. ಸಮ್ಮಕ್ಕನ ಕಾಲಿಗೆ ಹಿಡಿಸದಷ್ಟು ಚಿಕ್ಕದು. ಒಂದು ಬಿಸ್ಕತ್ತೂ ಒಳಗೆ ಬರದ ವಾರ್ಡಿಗೆ ಬೆಳ್ಳಿಯ ಗೆಜ್ಜೆ ಬಂದಿದೆ. ಅವಳು ಅದನ್ನು ಕೈಚೀಲಕ್ಕೆ ಹಾಕಿಕೊಂಡಳು. ಸದ್ಯಕ್ಕೆ ಕೈಕೋಳದ ಚಿಂತೆ ದೊಡ್ಡದಿತ್ತು.

ಬಾಗಿಲ ಹತ್ತಿರದ ಬೆಂಚಿನ ಮೇಲೆ ಸ್ಟೀಲ್ ಲೋಟಗಳ ಎರಡು ಗುಂಪು ತೊಳೆಯಲು ಕಾಯುತ್ತಿದ್ದವು. ಪುಡಿ ಕುಡಿಸುವ ಹೊತ್ತು ಮುಗಿದು ಆಗಲೇ ತುಸು ಸಮಯವಾಗಿತ್ತು.

“ಗೋಡೆ ಸಾಲಿಗೂ ಲೋಟ ಯಾಕೆ?”

“ತಮಗೆ ಏನೂ ಕೊಡ್ತಿಲ್ಲ ಅಂತ ಅನ್ನಿಸಬಾರದಲ್ಲ, ಅದಕ್ಕೆ ಬಣ್ಣದ ಬಿಸಿನೀರು. ಅದರಲ್ಲಿ ಏನೂ ಇರಲ್ಲ.”

“ಪುಡಿ ಒಂದು ಲೋಟ ನನಗೂ ಕಲಸಿಕೊಡಮ್ಮ. ಬರೀ ಬಿಸಿನೀರಲ್ಲಿ.”

ನಾಗಲತ ತಂದುಕೊಟ್ಟಳು. ಸ್ವರಾಜ್ಯಂ ಒಂದು ಗುಟುಕು ಬಾಯಿಗೆ ಹಾಕಿ ಹಾಗೇ ಕಿಟಕಿಯಾಚೆ ಉಗಿದಳು. ಸುಣ್ಣದ ವಾಸನೆ. ಗಂಟು ಗಂಟಾಗಿ ಮೇಲೆ ತೇಲುತ್ತಿತ್ತು.

“ಇದನ್ನ ದಿನಾ ಹೆಂಗೆ ಕುಡೀತೀರವ್ವಾ?” ಎಂದು ಕಿಟಕಿ ಸಾಲಿಗೆ ಕೇಳಿದಳು.

“ನಮ್ಮದು ಹಂಗಿರಂಗಿಲ್ರೀ,” ಎಂದಳು ಒಬ್ಬ ದುಂಡುಮುಖದವಳು. “ನುಣ್ಣಗ ಇರ್ತದ, ಉಪ್ಪುಪ್ಪು. ಕುಡದ್ರ ಹೊಟ್ಟಿ ತಣ್ಣಗಾಗ್ತದ.”

ಸ್ವರಾಜ್ಯಂ ಕಿಟಕಿ ಸಾಲಿನ ಲೋಟವೊಂದನ್ನು ಎತ್ತಿ, ಒಳಗೆ ಬೆರಳಾಡಿಸಿದಳು. ತಳದಿಂದ ಅಂಚಿನವರೆಗೆ ತೆಳ್ಳನೆಯ ಪೊರೆಯೊಂದು ಒಣಗಿ ಅಂಟಿತ್ತು. ಉಗುರಿನಿಂದ ಕೆರೆದಳು. ಚಕ್ಕೆ ಎದ್ದಿತು. ಎರಡು ಬೆರಳ ನಡುವೆ ಹಿಡಿದು ಉಜ್ಜಿದಳು. ಚರ್ ಎಂದು ಪುಡಿಯಾಯಿತು.

ಆ ಚರ್ ಎಂಬ ಸದ್ದು ಅವಳಿಗೆ ಹುಟ್ಟಿದಾಗಿನಿಂದ ಪರಿಚಿತ. ನೇಯ್ಗೆಯ ಪದ್ಮಶಾಲಿಗಳ ಮನೆಯ ಹುಡುಗಿ ಅವಳು. ಮಗ್ಗಕ್ಕೇರಿಸುವ ಮೊದಲು ಅವ್ವ ಬೀದಿಯುದ್ದಕ್ಕೂ ಹಾಸಿನ ಉದ್ದೆಳೆಗಳನ್ನು ಎಳೆದು ಕಟ್ಟಿ, ನೂಲಿಗೆ ಅನ್ನದ ಗಂಜಿ ಸವರುತ್ತಿದ್ದಳು. ಒಣಗಿದ ಮೇಲೆ ಅವ್ವನ ಬೆರಳಿಗೆ ಅಂಟಿದ ಗಂಜಿಯನ್ನು ಕೆರೆದು ತೆಗೆಯುವುದು ಇವಳ ಕೆಲಸ.

ಗೋಡೆ ಸಾಲಿನ ಲೋಟ ಎತ್ತಿ ನೋಡಿದಳು. ಒಳಗೆ ನುಣ್ಣಗೆ, ಖಾಲಿ. ಬೆರಳಿಗೆ ಏನೂ ಹತ್ತಲಿಲ್ಲ.

“ನಾಗಲತಾ, ಅಕ್ಕಿನ ಹೆಂಗೆ ಲೆಕ್ಕ ಹಿಡೀತೀಯ?”

“ಹಸಿ ಅಕ್ಕಿ ತೂಕಕ್ಕೆ. ಎರಡು ಸಾಲಿಗೆ ಎರಡು ತಪ್ಪಲೆ, ಬೇರೆ ಬೇರೆ. ತೂಗಿ ಕೊಡ್ತೀನಿ, ತಲೆಗೆ ಇಷ್ಟು ಅಂತ ಭಾಗಿಸಿ ಬರೀತೀನಿ.”

“ಬೇಯಿಸಿದ ಮೇಲೆ ಗಂಜಿ ಬಸಿದರೆ?”

ನಾಗಲತ ತಕ್ಷಣ ಮಾತಾಡಲಿಲ್ಲ. ಸ್ವರಾಜ್ಯಂ ಅದನ್ನು ಗಮನಿಸಿದಳು. ಗಮನಿಸಿಯೂ ಆಗ ಸುಮ್ಮನಾದದ್ದು ಅವಳ ತಪ್ಪು, ಹುಡುಗಿಯನ್ನು ಇಷ್ಟಪಟ್ಟುಬಿಟ್ಟಿದ್ದಳಲ್ಲ.

“ಬಸಿದದ್ದು ಮೋರಿಗೆ ಹೋಗುತ್ತೆ ಅಂತ ಲೆಕ್ಕ,” ಎಂದಳು ನಾಗಲತ ಕೊನೆಗೆ. “ಎರಡೂ ಸಾಲಿದೂ ಹೋಗುತ್ತೆ. ಅದಕ್ಕೇ ಸಮ.”

“ನಡಿ, ಆ ಮೋರಿ ನೋಡೋಣ.”

*

ಅಡುಗೆಮನೆಗೆ ಅವಳೊಬ್ಬಳೇ ಹೋಗಲಿಲ್ಲ. ಚಕ್ರಪಾಣಿಯವರನ್ನೂ ಸುದರ್ಶನನನ್ನೂ ಕರೆಸಿಕೊಂಡಳು. ಚಕ್ರಪಾಣಿ ಬಾಗಿಲಲ್ಲೇ ಚಪ್ಪಲಿ ಬಿಡುವುದೋ ಬೇಡವೋ ಎಂದು ಅನುಮಾನಿಸುತ್ತ ನಿಂತರು. ತಮ್ಮ ಕೇಂದ್ರದ ಅಡುಗೆಮನೆಗೆ ಅವರು ಕಾಲಿಟ್ಟಿದ್ದೇ ಅಪರೂಪವಿರಬೇಕು.

ಅಡುಗೆಯ ಯಾದಗಿರಿ ಬೇಳೆಗೆ ಒಗ್ಗರಣೆ ಹಾಕುತ್ತಿದ್ದ. ಇಷ್ಟು ಜನರನ್ನು ಕಂಡವನೇ ಸೌಟು ಕೆಳಗಿಟ್ಟು ಹೆಗಲ ಮೇಲಿನ ಟವೆಲಿಗೆ ಕೈ ಒರೆಸಿಕೊಂಡ. ಒಲೆಯ ಪಕ್ಕ ಅನ್ನದ ಎರಡು ತಪ್ಪಲೆ, ಗಂಜಿ ಬಸಿಯಲು ಬಾಯಿಗೆ ಮುಚ್ಚುವ ಬಿದಿರಿನ ಸಿಬ್ಬಲು, ಒಂದು ದೊಡ್ಡ ಬಕೀಟು.

ಸ್ವರಾಜ್ಯಂ ಸೀದಾ ಮೋರಿಯ ಹತ್ತಿರ ಹೋಗಿ ಬಗ್ಗಿದಳು. ಮೊಣಕಾಲು ನೋವಿಗೆ “ಅಯ್ಯೋ ದೇವರೇ” ಎಂದಳು, ಆದರೂ ಬಗ್ಗಿದಳು.

“ಡಾಕ್ಟರ್ ಸಾಬ್, ಇಲ್ಲಿ ಬನ್ನಿ. ಮೂಸಿ ನೋಡಿ.”

“ಮೂಸೋದಾ?”

“ದಿನಾ ಎರಡು ಹೊತ್ತು ಎರಡು ತಪ್ಪಲೆ ಗಂಜಿ ಹೋಗೋ ಮೋರಿ ಹುಳಿ ವಾಸನೆ ಹೊಡೀಬೇಕು. ಈ ಬಿಸಿಲಿಗಂತೂ ಬೀದಿ ಕೊನೇಗೆ ಬರಬೇಕು. ಕಲ್ಲೆಲ್ಲ ಬೆಳ್ಳಗಾಗಿರಬೇಕು. ಇಲ್ಲಿ ನೋಡಿ, ಸೋಪಿನ ವಾಸನೆ ಬಿಟ್ಟರೆ ಏನಿಲ್ಲ. ನಿಮ್ಮ ಗಂಜಿ ಈ ಮೋರಿ ಮುಖಾನೇ ನೋಡಿಲ್ಲ.”

ಅವಳು ಎದ್ದು ಎರಡೂ ಲೋಟಗಳನ್ನು ಒಲೆಕಟ್ಟೆಯ ಮೇಲೆ ಕುಟ್ಟಿ ಇಟ್ಟಳು.

“ಯಾದಗಿರೀ, ಕಿಟಕಿ ಸಾಲಿನ ಪುಡಿನ ಯಾವುದರಲ್ಲಿ ಕಲಸ್ತೀಯ? ನೀರು ಅಂದ್ರೆ ಈ ಸೌಟಲ್ಲೇ ಹೊಡೀತೀನಿ.”

ಯಾದಗಿರಿ ನಿರ್ದೇಶಕರ ಮುಖ ನೋಡಿದ, ನಾಗಲತಳ ಮುಖ ನೋಡಿದ, ಆಮೇಲೆ ನೆಲ ನೋಡಿದ.

“ಗಂಜಿಯಾಗ್ರೀ.”

“ಯಾವ ಗಂಜಿ?”

“ಎರಡೂ ತಪ್ಪಲೀದು. ಬಕೀಟಿಗೆ ಬಸಿದು, ಉಪ್ಪು ಹಾಕಿ, ಅದರಾಗ ಪುಡಿ ಕಲಸ್ತೀನ್ರೀ. ಬರೇ ನೀರಿನಾಗ ಕೊಟ್ರ ಕುಡೀಲಾರ್ದ ವಾಂತಿ ಮಾಡ್ಕೋತಿದ್ರು. ಉಂಡು ಬದುಕೋ ಮಂದಿಗೆ ಅಂಥಾದ್ದು ಹೆಂಗ ಕೊಡ್ಲಿ?”

ಸ್ವರಾಜ್ಯಂ ಚಕ್ರಪಾಣಿಯ ಕಡೆ ತಿರುಗಿದಳು. ಅವಳ ದನಿ ಏರಿತು. ಏರಿಸಬಾರದೆಂದು ಅಂದುಕೊಂಡಿದ್ದರೂ ಏರಿತು.

“ಕೇಳಿಸ್ತಾ? ಗೋಡೆ ಸಾಲಿನ ಅನ್ನದ ಸತ್ವ ಬಸಿದು ಕಿಟಕಿ ಸಾಲಿನ ಲೋಟಕ್ಕೆ ಹೋಗ್ತಿತ್ತು. ದಿನಾ! ಎರಡು ಹೊತ್ತೂ! ಅವರ ಬಾಯಿಂದ ತೆಗೆದು ಇವರ ಬಾಯಿಗೆ. ನಿಮ್ಮ ಪುಸ್ತಕದಲ್ಲಿ ಹಸಿ ಅಕ್ಕಿ ಲೆಕ್ಕ ಮಾತ್ರ ಇದೆ, ಅಲ್ಲಿ ಇಬ್ಬರೂ ಸಮ. ಹೊಟ್ಟೆಯೊಳಗೆ ಸಮ ಇಲ್ಲ. ಯಾರೂ ಒಂದು ಕಾಳು ಕದ್ದಿಲ್ಲ, ಡಾಕ್ಟರ್ ಸಾಬ್. ನಿಮ್ಮ ಪುಡಿಯೂ ಗೆದ್ದಿಲ್ಲ. ಗೆದ್ದಿದ್ದು ಗಂಜಿ. ಈ ಪುಡಿ ನಂಬಿಕೊಂಡು ಅಂಗನವಾಡಿ ಮಕ್ಕಳ ಬಾಯಿಂದ ಮೊಟ್ಟೆ ಕಿತ್ಕೊಳ್ಳೋಕೆ ಹೊರಟಿದ್ದೀರಲ್ಲ, ನಾಚಿಕೆ ಆಗ್ಬೇಕು!”

ಚಕ್ರಪಾಣಿ ಬಕೀಟಿನೊಳಗೆ ಇಣುಕಿ ನೋಡಿದರು. ಅವರ ಮುಖದಲ್ಲಿ ಕಂಡದ್ದು ಸಿಕ್ಕಿಬಿದ್ದವನ ಭಯವಲ್ಲ, ಇಷ್ಟು ವರ್ಷ ಕಟ್ಟಿದ ಮನೆಯ ಗೋಡೆ ಬಿರುಕು ಬಿಟ್ಟಾಗಿನ ಗಾಬರಿ. ಸ್ವರಾಜ್ಯಂಗೆ ಅದು ಯಾಕೋ ಸರಿಬರಲಿಲ್ಲ. ಈ ಮನುಷ್ಯನಿಗೆ ನಿಜವಾಗಿಯೂ ಗೊತ್ತಿರಲಿಲ್ಲವೆ?

ಆದರೆ ಅವರು ಬೇಗ ಸುಧಾರಿಸಿಕೊಂಡರು.

“ಯಾದಗಿರಿ, ಗಂಜಿ ಹಾಕು ಅಂತ ನಿನಗೆ ಹೇಳಿದ್ದು ಯಾರು?”

ಯಾದಗಿರಿ ಹೆಗಲ ಟವೆಲನ್ನು ಎಳೆದು ಹಿಂಡಿದ.

“ಹೇಳೋ!”

ಅವನು ಕೈಯೆತ್ತಿದ. ಒಗ್ಗರಣೆಯ ಸಾಸಿವೆ ಅಂಟಿದ್ದ ಬೆರಳು ಸ್ವರಾಜ್ಯಂಳನ್ನು ದಾಟಿ, ಸುದರ್ಶನನನ್ನು ದಾಟಿ, ನಾಗಲತಳ ಕಡೆ ನಿಂತಿತು.

“ಈ ಯವ್ವನೇ ಹೇಳಿದ್ಲು.”

 ಸುದರ್ಶನನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

ಸ್ವರಾಜ್ಯಂಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಮೂರು ಜನರ ಎದುರು ಈ ಹುಡುಗಿಯ ಪರವಾಗಿ ಗಂಟಲು ಹರಿದುಕೊಂಡವಳು ಅವಳು. ‘ಬಸಿದರೆ?’ ಎಂದು ಕೇಳಿದಾಗ ಹುಡುಗಿ ತಡೆದು ಉತ್ತರ ಕೊಟ್ಟದ್ದು ನೆನಪಾಯಿತು.

“ಇದೇನು ನಾಗಲತಾ?”

ನಾಗಲತ ತಲೆ ತಗ್ಗಿಸಲಿಲ್ಲ.

“ಹೌದು ಅಕ್ಕ, ನಾನೇ ಹೇಳಿದ್ದು. ಆ ಪುಡಿ ಕುಡಿದು ವಾಂತಿ ಮಾಡ್ಕೊಂಡು ಅವರು ಒದ್ದಾಡೋದನ್ನ ನೋಡೋಕಾಗಲಿಲ್ಲ. ಸಾರ್ ಹತ್ರ ಹೋಗಿ ಹೇಳಿದೆ. ‘ಪುಡಿ ಬದಲಾಗಲ್ಲ, ಅಭ್ಯಾಸ ಆಗುತ್ತೆ’ ಅಂದ್ರು. ಹೌದಲ್ವಾ ಸಾರ್? ಆಗ ಯಾದಗಿರಿಗೆ ಗಂಜಿಯಲ್ಲಿ ಕಲಸು ಅಂದೆ. ಸಾರ್‌ಗೆ ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಮುಚ್ಚಿಟ್ಟೆ. ನಿಮಗೂ ಮುಚ್ಚಿಟ್ಟೆ, ಅದು ತಪ್ಪು. ಆದ್ರೆ ನಾನು ಹೇಳಿದ್ದು ಒಂದು ಸಾಲಿಗಲ್ಲ!”

ಅವಳು ಯಾದಗಿರಿಯ ಎದುರಿಗೇ ಬಂದು ನಿಂತಳು.

“ನಾನೇನು ಹೇಳಿದ್ದೆ? ಅವರವರ ತಪ್ಪಲೆ ಗಂಜಿ ಅವರವ್ರಿಗೇ ಅಂದಿದ್ದೆ. ಗೋಡೆ ಸಾಲಿನ ಗಂಜಿ ಗೋಡೆ ಸಾಲಿನ ಲೋಟಕ್ಕೆ ಅಂದಿದ್ದೆ. ಅಕ್ಕಿಯಲ್ಲಿದ್ದದ್ದೆಲ್ಲ ಅದೇ ಹೊಟ್ಟೆಗೆ ಹೋದ್ರೆ ಲೆಕ್ಕ ಎಲ್ಲಿ ಕೆಡುತ್ತೆ? ಇನ್ನೂ ಸರಿಯಾಗುತ್ತೆ. ಪುಡಿ ಕೊಡೋ ಹೊತ್ತಲ್ಲಿ ನನ್ನನ್ನ ವಾರ್ಡಿಗೆ ಬಿಡಲ್ಲ, ಅದು ಸಾರ್ ಮಾಡಿರೋ ನಿಯಮ. ನಿನ್ನನ್ನ ನಂಬಿದ್ದೆ ನಾನು. ಹೇಳು, ಹಾಗೆ ಹೇಳಿದ್ನೋ ಇಲ್ವೋ?”

“ಹೇಳಿದ್ರೀ,” ಎಂದ ಯಾದಗಿರಿ. ಟವೆಲು ಮುಖಕ್ಕೆ ಒತ್ತಿಕೊಂಡ. “ಮೊದಲ ನಾಕು ದಿನ ಹಂಗೇ ಮಾಡೀನ್ರೀ.”

ಸ್ವರಾಜ್ಯಂಳ ಎದೆ ಹಗುರಾಯಿತು. ಅವಳು ಸುದರ್ಶನನ ಕೈಯನ್ನು ಕೈಕೋಳದ ಮೇಲಿಂದ ತಾನೇ ಎತ್ತಿ ಪಕ್ಕಕ್ಕಿಟ್ಟಳು. ನಾಗಲತ ಆ ತಪ್ಪೊಪ್ಪಿಗೆಯ ಕಾಗದವನ್ನು ಸೆರಗಿನಲ್ಲಿ ಮಡಚಿ ತಂದಿದ್ದಳು. ಹೊರತೆಗೆದು, ಚಕ್ರಪಾಣಿಯವರ ಕಣ್ಣೆದುರಿಗೇ ಒಲೆಗೆ ಹಾಕಿದಳು.

“ಈಗ ನಾನು ಯಾರನ್ನ ಹಿಡೀಲಿ ಮೇಡಂ?” ಎಂದ ಸುದರ್ಶನ್.

“ತಡಿಯೋ.” ಸ್ವರಾಜ್ಯಂ ಯಾದಗಿರಿಯ ಭುಜ ಹಿಡಿದಳು. ಈ ಸಲ ಗದರಿಸಲಿಲ್ಲ. “ಗೋಡೆ ಸಾಲಿಗೆ ಗಂಜಿ ಕೊಡಬೇಡ ಅಂದಿದ್ದು ಯಾರಪ್ಪಾ? ಡಾಕ್ಟರಾ?”

“ಅಲ್ರೀ.”

“ಪುಡಿ ಕಂಪನಿಯವರಾ?”

“ಅವರ ಮಾರಿ ಸೈತ ನೋಡಿಲ್ರೀ ನಾ.” ಅವನು ಟವೆಲಿನಿಂದ ಮುಖ ತೆಗೆದ. ಅಳುತ್ತಿದ್ದ. “ಸಮ್ಮಕ್ಕ.”

“ಯಾರು?”

“ಸಮ್ಮಕ್ಕನೇ ರೀ. ಈಗ ದವಾಖಾನ್ಯಾಗ ಮಲಗ್ಯಾಳಲ್ಲ, ಅಕೀನೇ. ಒಂದು ದಿನ ಹಿತ್ತಲ ಬಾಗಲಿಂದ ಬಂದು ನನ್ನ ಕಾಲು ಹಿಡದ್ಲು. ‘ಅಣ್ಣಾ, ನಮ್ಮ ಸಾಲಿಗೆ ಗಂಜಿ ಹಾಕಬ್ಯಾಡ, ಬಣ್ಣದ ನೀರೇ ಕೊಡು. ಹಾಕಿದ್ರ ನನ್ನ ಮಗಳು ಮನೀಗೆ ಬರಂಗಿಲ್ಲ’ ಅಂದ್ಲು. ಯಾಕವ್ವಾ ಅಂದ್ರ ಬಾಯಿ ಬಿಡಲಿಲ್ಲ. ತಾಯಿ ಅಷ್ಟು ಅತ್ಕೊಂಡು ಕೇಳಿದ್ರ ನಾ ಏನ್ ಮಾಡ್ಲಿ?”

ಹಸಿದ ಸಾಲಿನಲ್ಲಿ ಕೂತವಳೇ ತನ್ನ ಸಾಲನ್ನು ಹಸಿದಿರಿಸಿದಳು. ಕೊಮುರವ್ವನ ಮಣಿಕಟ್ಟಿನ ನೂಲು ಸ್ವರಾಜ್ಯಂಳ ಕಣ್ಣಿಗೆ ಕಟ್ಟಿತು. ಗಂಜಿಯ ವಿಷಯ ಹೊರಗಿನವರಾರಿಗೋ ಗೊತ್ತಾಗಿದೆ, ಅದು ಒಂದೇ ಸಾಲಿಗೆ ಹೋದರೆ ಪುಡಿ ಗೆಲ್ಲುತ್ತದೆ ಎಂದು ಲೆಕ್ಕ ಹಾಕುವಷ್ಟು ತಿಳಿದವರಿಗೆ. ಅವರ ಕೈ ಒಬ್ಬ ತಾಯಿಯ ಕತ್ತಿನ ಮೇಲಿದೆ.

ಅವಳು ಕೈಚೀಲದಿಂದ ಗೆಜ್ಜೆ ತೆಗೆದು ಒಲೆಕಟ್ಟೆಯ ಮೇಲೆ, ಎರಡು ಲೋಟಗಳ ನಡುವೆ ಇಟ್ಟಳು.

“ಇದು ಯಾರದು, ಯಾರಿಗಾದ್ರೂ ಗೊತ್ತಾ?”

“ಸ್ರವಂತೀದು,” ಎಂದ ಯಾದಗಿರಿ ನೋಡಿದೊಡನೆ. “ಮೊದಲನೇ ಸಲ ಅವ್ವನ್ನ ಬಿಡಾಕ ಬಂದಾಗ ಹಾಕ್ಕೊಂಡಿದ್ಲು. ಝಣ್ ಝಣ್ ಅಂತ ನನ್ನ ಅಡಿಗಿಮನಿಗೇ ಬಂದು ನೀರು ಕೇಳಿದ್ಲು. ಪುಡಿ ಕಂಪನ್ಯಾಗ ಪ್ಯಾಕಿಂಗ್ ಕೆಲಸ ಸಿಕ್ಕೇದ, ಅಲ್ಲೇ ಹಾಸ್ಟೆಲ್ ಕೊಟ್ಟಾರ ಅಂದಿದ್ಲು.”

ಸ್ವರಾಜ್ಯಂ ಚಕ್ರಪಾಣಿಯ ಹತ್ತಿರ ಹೋದಳು. ತೀರ ಹತ್ತಿರ.

“ಡಾಕ್ಟರ್ ಸಾಬ್, ಮಗಳು ಫೋನಲ್ಲಿ ಮಾತಾಡಿದಾಳೆ ಅಂದಿದ್ರಿ. ನಿಜ ಹೇಳಿ. ಮಾತಾಡಿದಾಳಾ?”

“ಮಾತಾಡಿದಾಳೆ.” ಅವರ ಧ್ವನಿಯಲ್ಲಿ ಪಾಠದ ಗತ್ತು ಉಳಿದಿರಲಿಲ್ಲ. “ಸಮ್ಮಕ್ಕ ಬಿದ್ದ ದಿನಾನೇ, ಬೆಳಗ್ಗೆ. ನನ್ನ ಕೋಣೆಗೇ ಬಂತು ಫೋನು. ಅಳ್ತಾ ಇದ್ಲು. ‘ನಮ್ಮವ್ವ ಕಟ್ಟೆಯಿಂದ ಬಿದ್ದಳಂತೆ ಸಾರ್, ಬದುಕಿದಾಳಾ?’ ಅಂದ್ಲು. ಯಾರೋ ತಮಾಷೆ ಮಾಡ್ತಿದಾರೆ ಅಂತ ಬೈದು ಇಟ್ಟುಬಿಟ್ಟೆ.”

“ತಮಾಷೆ ಅಂತ ಯಾಕನ್ನಿಸಿತು?”

ಚಕ್ರಪಾಣಿ ಅಡುಗೆಮನೆಯ ಹಿಂಬಾಗಿಲಿನಿಂದ ಕಾಣುತ್ತಿದ್ದ ಬಟ್ಟೆ ಒಗೆಯುವ ಕಟ್ಟೆಯ ಕಡೆ ನೋಡಿದರು.

“ಯಾಕಂದ್ರೆ ಆಗ ಸಮ್ಮಕ್ಕ ಬಿದ್ದಿರಲಿಲ್ಲ ಮೇಡಂ. ನನ್ನ ಕಿಟಕಿಯ ಎದುರಿಗೇ ನಿಂತು ಸೀರೆ ಒಣಗಿಸ್ತಾ ಇದ್ಲು.”